ಹುಣಸೆಯಲ್ಲದ ದೊಡ್ಡಹುಣಸೆ

ದೊಡ್ಡಹುಣಸೆಗೂ ಹುಣಸೆಗೂ ನೆಂಟಸ್ತಿಕೆಯಿಲ್ಲ. ಇದು ಬೂರುಗದ ಬಳಗಕ್ಕೆ ಸೇರಿದ ಆಫ್ರಿಕದ ಬಾವೋಬಾಬ್. ಶಾಸ್ತ್ರೀಯ ಹೆಸರು ಅಡನ್ಸೋನಿಯಾ ಡಿಜಿಟೇಟಾ. ಗಟ್ಟಿ ಚಿಪ್ಪಿನ ಕಾಯಿಯೊಳಗೆ ಹಿಟ್ಟುಹಿಟ್ಟಾದ ಬಿಳಿ ತಿರುಳು ಇರುತ್ತದೆ. ಅದರ ಹುಳಿಯಿಂದಲೇ ಕನ್ನಡದಲ್ಲಿ ದೊಡ್ಡಹುಣಸೆ, ದಖನಿಯಲ್ಲಿ ಗೋರಖ್ ಇಮ್ಲಿ ಎಂಬ ಹೆಸರು. ಹಾಗೆ ನೋಡಿದರೆ ದಿನವೂ ಸಾರಿಗೆ ಬೀಳುವ ಹುಣಸೆಯ ತವರೂ ಆಫ್ರಿಕವೇ. ಅದು ಬಂದು ಬಹುಕಾಲ ಆದದ್ದರಿಂದ ಮನೆಯದಾಗಿಬಿಟ್ಟಿದೆ.

ಕರ್ನಾಟಕದಲ್ಲಿ ಈ ಮರಗಳು ತೀರ ವಿರಳ. ಆದಿಲಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರದಲ್ಲಿ ಹಳೆಯ ಮರಗಳಿವೆ. ಹೆಚ್ಚು ಹೆಸರಾದವು ಹಾವೇರಿ ಜಿಲ್ಲೆಯ ಸವಣೂರಿನ ಮೂರು. ಅವು ನಿಂತ ಮಠಕ್ಕೇ ದೊಡ್ಡಹುಣಸೆ ಕಲ್ಮಠವೆಂಬ ಹೆಸರು ಬಿದ್ದಿದೆ. ಆನೆಯ ಮೈಯಂಥ ಬೂದು ಬಣ್ಣದ ಕಾಂಡ, ಮೇಲೆ ಹೋದಂತೆ ಹಠಾತ್ತನೆ ಸಣ್ಣದಾಗುವ ಕೊಂಬೆಗಳು. ಎಲೆಯುದುರಿದ ಕಾಲದಲ್ಲಿ ಮರವನ್ನು ಬೇರು ಮೇಲಾಗಿ ನೆಟ್ಟಂತೆ ಕಾಣುತ್ತದೆ. ಮಳೆ ಬಿದ್ದ ಮೇಲೆ ಚಿಗುರು. ಜೋತುಬೀಳುವ ಬಿಳಿಯ ಹೂ ಸಂಜೆಗೆ ಅರಳಿ ಮರುದಿನವೇ ಬಾಡುತ್ತದೆ. ಪರಾಗಸ್ಪರ್ಶದ ಕೆಲಸ ಮುಖ್ಯವಾಗಿ ಬಾವಲಿಗಳದು.

ಇವುಗಳ ವಯಸ್ಸಿನ ಬಗ್ಗೆ ಮಾತು ಧಾರಾಳ. ಸವಣೂರಿನವಕ್ಕೆ ಎರಡು ಸಾವಿರ ವರ್ಷವೆನ್ನುವುದುಂಟು, ಶ್ರೀಕೃಷ್ಣ ತಂದು ನೆಟ್ಟನೆನ್ನುವುದೂ ಉಂಟು. ಗಾತ್ರ ನೋಡಿ ವಯಸ್ಸು ಹೇಳುವ ಭ್ರಮೆ ಹಳೆಯದು. ಮರದ ಶಾಸ್ತ್ರೀಯ ಹೆಸರಿಗೆ ಕಾರಣನಾದ ಫ್ರೆಂಚ್ ಸಸ್ಯವಿಜ್ಞಾನಿ ಮಿಶೆಲ್ ಅಡನ್ಸನ್ 18ನೇ ಶತಮಾನದಲ್ಲಿ ಸೆನೆಗಲ್‌ನ ಮರಗಳಿಗೆ ಐದು ಸಾವಿರ ವರ್ಷಕ್ಕೂ ಹೆಚ್ಚಿನ ಆಯುಸ್ಸು ಹಚ್ಚಿದ್ದ. ಆದರೆ ಬಾವೋಬಾಬಿನ ಕಟ್ಟಿಗೆ ನೀರು ಹೀರುವ ಸ್ಪಂಜಿನಂಥದ್ದು, ನಡುವೆ ಪೊಳ್ಳಾಗುವುದೂ ಹೆಚ್ಚು; ಉಂಗುರದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ರೇಡಿಯೊಕಾರ್ಬನ್ ಪರೀಕ್ಷೆಯಲ್ಲಿ ಆಫ್ರಿಕದ ಅತಿ ಹಿರಿಯ ಮರಕ್ಕೇ ಸಿಕ್ಕದ್ದು ಸುಮಾರು 2,450 ವರ್ಷ. ನೆಟ್ಟು ಬೆಳೆಸಿದ ಮರವೊಂದು ಅದರ ಸಮಕ್ಕೆ ಬರುವುದು ಸಂದೇಹವೇ.

ವಯಸ್ಸಿಗಿಂತ ಕುತೂಹಲದ ಸಂಗತಿ, ಇವು ಇಲ್ಲಿಗೆ ಬಂದ ದಾರಿ. 2015ರಲ್ಲಿ ಪ್ರಕಟವಾದ ಒಂದು ತಳಿ ಅಧ್ಯಯನದ ಪ್ರಕಾರ ಬಾವೋಬಾಬ್ ಭಾರತ ಉಪಖಂಡಕ್ಕೆ ಒಮ್ಮೆಗೇ ಬಂದದ್ದಲ್ಲ. ಬೇರೆ ಬೇರೆ ಕಾಲದಲ್ಲಿ, ಆಫ್ರಿಕದ ಬೇರೆ ಬೇರೆ ಭಾಗಗಳಿಂದ ಬಂದದ್ದು. ತಂದವರು ವ್ಯಾಪಾರಿಗಳು, ಸೈನಿಕರಾಗಿ, ಗುಲಾಮರಾಗಿ ಬಂದ ಆಫ್ರಿಕ ಮೂಲದ ಹಬ್ಶಿಗಳು, ಆಮೇಲೆ ಪೋರ್ಚುಗೀಸರು ಇರಬಹುದು. ದಿಲಾವರ್ ಖಾನ್, ಇಖ್ಲಾಸ್ ಖಾನ್‌ರಂಥ ಹಬ್ಶಿಗಳು ಅಧಿಕಾರ ನಡೆಸಿದ ವಿಜಯಪುರದಲ್ಲಿ ಆಫ್ರಿಕದ ಮರ ಕಂಡರೆ ಸೋಜಿಗವೇನಿಲ್ಲ.

ಸವಣೂರಿನ ಮರಗಳಿಗೆ ಪಾರಂಪರಿಕ ವೃಕ್ಷದ ಮನ್ನಣೆಯಿದೆ. ಮನ್ನಣೆ ಬೇರೆ, ಕಾನೂನಿನ ಆಸರೆ ಬೇರೆ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಂ ಹೇಳುವುದು ಪಾರಂಪರಿಕ ತಾಣಗಳ ಮಾತು, ಒಂಟಿ ಮರದ್ದಲ್ಲ. ಅದರಡಿ 2007ರಲ್ಲಿ ದೇಶದ ಮೊದಲ ತಾಣವಾದದ್ದು ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು, ಅಂದರೆ ನಿಜವಾದ ಹುಣಸೆ. ಐವತ್ತು ಎಕರೆಗೂ ಮಿಕ್ಕ ಆ ತೋಪಿಗೆ ಗಡಿ ಹಾಕಬಹುದು. ಮಠದ ಅಂಗಳದ ಮೂರು ಮರಗಳಿಗೆ ಆ ಅನುಕೂಲವಿಲ್ಲ. 2023ರ ಮಳೆಗಾಲದಲ್ಲಿ ಸವಣೂರಿನ ಒಂದು ಮರ ಉರುಳಿಬಿತ್ತು. ಅದನ್ನು ಎತ್ತಿ ಮತ್ತೆ ನೆಡಬೇಕಾಯಿತು.

ಇರುವ ಮರಗಳನ್ನು ಕಾಯುವುದು ಕಷ್ಟವಾದರೂ ಹೊಸ ಸಸಿ ಮಾಡುವುದು ಅಸಾಧ್ಯವೇನಲ್ಲ. ಬೀಜದ ಸಿಪ್ಪೆ ಬಲು ಗಟ್ಟಿ. ಉಜ್ಜಿ ತೆಳುವಾಗಿಸಿಯೋ ಬಿಸಿನೀರಲ್ಲಿ ನೆನೆಸಿಯೋ ಬಿತ್ತಿದರೆ ಮೊಳೆಯುತ್ತದೆ. ಬೆಳೆದ ಮರದ ಎಲೆ ಅಂಗೈ ಬಿಚ್ಚಿದಂತೆ ಐದಾರು ಬೆರಳಿನದು, ‘ಡಿಜಿಟೇಟಾ’ ಎಂದರೂ ಅದೇ. ಎಳೆಯ ಸಸಿಯಲ್ಲಿ ಮಾತ್ರ ಮೊದಲು ಬರುವುದು ಬಿಡಿ ಎಲೆ. ಗುರುತು ಹತ್ತದವರು ಕಳೆಯೆಂದು ಕಿತ್ತೆಸೆಯುವುದು ಆಗಲೇ.