ತುದಿಯಿಲ್ಲದ ಆಂಟೆನಾ

ಈಕ್ವೆಡಾರಿನ ರಾಜಧಾನಿ ಕೀಟೊದಲ್ಲಿ ಒಂದು ಕಾಲದಲ್ಲಿ ರಾತ್ರಿ ಹೊತ್ತು ಬೆಂಕಿ ಹಾಡುತ್ತಿತ್ತು. ರೇಡಿಯೋ ಕೇಂದ್ರದ ಆಂಟೆನಾದ ದಪ್ಪ ಅಲ್ಯೂಮಿನಿಯಂ ಕೊಳವೆಗಳ ತುದಿಯಲ್ಲಿ ಕತ್ತಲಾದ ಮೇಲೆ ಜ್ವಾಲೆ ಏಳುತ್ತಿತ್ತು. ಸುಯ್ಯೆಂದು, ಚಟಪಟನೆ ಉರಿಯುತ್ತಿತ್ತು. ಕಿವಿಗೊಟ್ಟರೆ ಆ ಸದ್ದಿನೊಳಗಿಂದಲೇ ಸ್ಟುಡಿಯೋದ ಸಂಗೀತ ಕೇಳುತ್ತಿತ್ತು. ರೇಡಿಯೋ ಪೆಟ್ಟಿಗೆಯ ಅಗತ್ಯವೇ ಇರಲಿಲ್ಲ. ಕಾಲು ಮೈಲಿ ದೂರದಲ್ಲಿ ನಿಂತವರಿಗೂ ಬೆಂಕಿ ಕಾಣುತ್ತಿತ್ತು, ಹಾಡು ಕೇಳುತ್ತಿತ್ತು. ನೋಡುವವರಿಗೆ ಅದೊಂದು ವಿಸ್ಮಯ. ಕೇಂದ್ರದ ಎಂಜಿನಿಯರುಗಳ ನಿದ್ದೆಯನ್ನಂತೂ ಅದು ಕೆಡಿಸಿತ್ತು. ಕೊಳವೆಗಳ ತುದಿ ಬೆಳ್ಳಗೆ ಕಾದು, ಕರಗಿದ ಲೋಹ ಉಂಡೆಉಂಡೆಯಾಗಿ ನೆಲಕ್ಕೆ ಉದುರುತ್ತಿತ್ತು. ಪ್ರಸಾರ ನಡೆದಷ್ಟೂ ಆಂಟೆನಾ ಸವೆಯುತ್ತಿತ್ತು.

ಆ ಕೇಂದ್ರದ ಹೆಸರು ಎಚ್‌ಸಿಜೆಬಿ. ಕ್ಲಾರೆನ್ಸ್ ಜೋನ್ಸ್ ಮತ್ತು ರೂಬೆನ್ ಲಾರ್ಸನ್ ಎಂಬ ಅಮೆರಿಕದ ಇಬ್ಬರು ಮಿಷನರಿಗಳು ಅದನ್ನು ಕಟ್ಟಿದ್ದರು. 1931ರ ಕ್ರಿಸ್‌ಮಸ್ ದಿನ, ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಅವರು ಮೊದಲ ಪ್ರಸಾರ ಮಾಡಿದರು. ರೇಡಿಯೋ ಬಲ್ಲವರು ಮೊದಲೇ ಎಚ್ಚರಿಸಿದ್ದರಂತೆ: ಬೆಟ್ಟಗಳ ಸಹವಾಸ ಬೇಡ, ಭೂಮಧ್ಯರೇಖೆಯ ಹತ್ತಿರವಂತೂ ಬೇಡವೇ ಬೇಡ. ಕೀಟೊದಲ್ಲಿ ಎರಡೂ ಇದ್ದವು. ಆಂಡಿಸ್ ಪರ್ವತಗಳ ನಡುವೆ, ಭೂಮಧ್ಯರೇಖೆಗೆ ತಾಗಿಕೊಂಡಂತೆ ಇರುವ ಊರು ಅದು. ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ 900 ಮೀಟರಿಗೂ ಹೆಚ್ಚು ಮೇಲೆ. ಅಲ್ಲಿನ ಗಾಳಿಯ ಒತ್ತಡ ಕಡಲತೀರದ ಮುಕ್ಕಾಲು ಪಾಲಿಗೂ ಸ್ವಲ್ಪ ಕಡಿಮೆ. ಹೊಸಬರು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ. ಗಾಳಿ ತೆಳುವಾಗಿದೆಯೆಂದು ಪುಪ್ಪುಸಕ್ಕೆ ಮೊದಲ ದಿನವೇ ಗೊತ್ತಾಗುತ್ತದೆ. ಆಂಟೆನಾಕ್ಕೂ ಗೊತ್ತಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆಯದಿದ್ದುದರಲ್ಲಿ ಆಶ್ಚರ್ಯವೂ ಇಲ್ಲ. ಸಣ್ಣ ಟ್ರಾನ್ಸ್‌ಮಿಟರಿನ ಕಾಲದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಕೇಂದ್ರದ ಆಸೆ ಬೆಳೆದು, ಕೀಟೊದ ದನಿ ಅಮೆರಿಕ ಸಂಯುಕ್ತ ಸಂಸ್ಥಾನದ ಮನೆಮನೆಗೂ ತಲುಪಬೇಕೆಂದು ಹೊರಟಾಗ ಕತೆ ಬದಲಾಯಿತು. ಹತ್ತು ಸಾವಿರ ವಾಟ್‌ನ ಹೊಸ ಟ್ರಾನ್ಸ್‌ಮಿಟರ್ ಬಂತು. ಪ್ರಸಾರಕ್ಕೆ ಆರಿಸಿದ್ದು ಶಾರ್ಟ್‌ವೇವ್‌ನ 25 ಮೀಟರ್ ಬ್ಯಾಂಡ್. ಅಲ್ಲಿ ಆಗಲೇ ದೇಶದೇಶಗಳ ಕೇಂದ್ರಗಳು ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದವು. ಆ ಗದ್ದಲದಲ್ಲಿ ಕೇಳಿಸಬೇಕಾದರೆ ಶಕ್ತಿಯನ್ನು ಎಲ್ಲ ದಿಕ್ಕಿಗೂ ಚೆಲ್ಲದೆ ಒಂದೇ ದಿಕ್ಕಿಗೆ ಕೂಡಿಸಿ ಕಳಿಸಬೇಕಿತ್ತು. ಅದಕ್ಕೆ ತಕ್ಕ ಸಾಧನ ಸಿದ್ಧವಾಗಿಯೇ ಇತ್ತು. ಜಪಾನಿನ ಶಿಂತಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ 1926ರಲ್ಲಿ ಜಗತ್ತಿಗೆ ತೋರಿಸಿದ್ದ ಆಂಟೆನಾ. ಮುಂದೆ ಟಿವಿಯ ಕಾಲದಲ್ಲಿ ನಮ್ಮ ಮಾಳಿಗೆಗಳ ಮೇಲೆಲ್ಲ ಮೀನಿನ ಮುಳ್ಳಿನಂತೆ ನಿಂತದ್ದು ಇದರ ಮರಿಗಳೇ. ಆದರೆ 25 ಮೀಟರ್ ಅಲೆಗೆ ಒಂದೊಂದು ಕೊಳವೆಯೂ ಹನ್ನೆರಡು ಮೀಟರಿನಷ್ಟು ಉದ್ದವಿರಬೇಕು. ಅಂಥ ನಾಲ್ಕನ್ನು ಹೊಂದಿಸಿ, ಪಾಡುಪಟ್ಟು ಮೇಲೇರಿಸಿ, ಉತ್ತರಕ್ಕೆ ಗುರಿಯಿಟ್ಟರು.

ಕೇಳುಗರು ಮೆಚ್ಚಿದರು. ಕೀಟೊದ ದನಿ ಈಗ ಚೆನ್ನಾಗಿ ಕೇಳುತ್ತಿದೆ ಎಂಬ ವರದಿಗಳು ಬಂದವು. ಎಂಜಿನಿಯರುಗಳು ಎಣಿಸಿದ್ದೂ ಅದನ್ನೇ. ಎಣಿಸದೇ ಇದ್ದದ್ದು ಬೆಂಕಿ.

ಅದನ್ನು ಆರಿಸುವ ಕೆಲಸ ಕ್ಲಾರೆನ್ಸ್ ಮೂರ್ ಎಂಬ ಎಂಜಿನಿಯರಿನ ಪಾಲಿಗೆ ಬಂತು. ಮೂರ್ ಹವ್ಯಾಸದಿಂದಲೂ ರೇಡಿಯೋದವನೇ. ಅಮೆರಿಕದ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ ನಡುವೆ ಡಬ್ಲ್ಯು9ಎಲ್‌ಜೆಡ್‌ಎಕ್ಸ್ ಎಂಬ ಕರೆಸಂಕೇತ ಅವನದು. ರೋಗ ಏನೆಂದು ಅವನಿಗೆ ಬೇಗ ತಿಳಿಯಿತು. ಕೊಳವೆಯ ತುದಿಯಲ್ಲಿ ವೋಲ್ಟೇಜ್ ಅತಿ ಹೆಚ್ಚು. ಸುತ್ತಲಿನ ತೆಳುಗಾಳಿ ಅದನ್ನು ತಡೆಯಲಾರದೆ ಒಡೆದು, ತಾನೇ ವಿದ್ಯುತ್ತಿನ ದಾರಿಯಾಗುತ್ತಿತ್ತು. ಕೊರೋನಾ ಡಿಸ್ಚಾರ್ಜ್ ಎಂದು ವಿದ್ಯುತ್ ಎಂಜಿನಿಯರುಗಳು ಕರೆಯುವುದು ಇದನ್ನೇ. ಕೇಂದ್ರವನ್ನು ಕಡಲತೀರಕ್ಕೆ ಇಳಿಸಿದ್ದರೆ ಬೆಂಕಿ ತಾನಾಗಿ ಆರುತ್ತಿತ್ತು. ಆದರೆ ಕೇಂದ್ರ ಕೀಟೊದಲ್ಲಿ ಬೇರೂರಿಯಾಗಿತ್ತು. ವಿದ್ಯುತ್ ತಗ್ಗಿಸುವುದಾದರೆ ಹತ್ತು ಸಾವಿರ ವಾಟ್ ಏಕೆ ಬೇಕಿತ್ತು? ಈ ಆಂಟೆನಾ ಇಳಿಸಿ ಮಾಮೂಲಿಯದನ್ನು ಕಟ್ಟಿದರೆ ದನಿ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಮೂರು ದಾರಿಗಳೂ ಮುಚ್ಚಿದ್ದವು.

ಮೂರ್ ಹುಡುಕಿದ ಮೊದಲ ಮದ್ದು ಬಂದದ್ದು ಪಾಯಖಾನೆಯಿಂದ. ಫ್ಲಶ್ ಟ್ಯಾಂಕಿನಲ್ಲಿ ನೀರಿನ ಮೇಲೆ ತೇಲುತ್ತ ನಲ್ಲಿಯನ್ನು ತೆರೆದು ಮುಚ್ಚುವ ಚೆಂಡು ಇರುತ್ತದಲ್ಲ, ಆ ಕಾಲದಲ್ಲಿ ಅದು ತಾಮ್ರದ್ದು, ಒಳಗೆ ಟೊಳ್ಳು. ಆರು ಇಂಚು ವ್ಯಾಸದ ಅಂಥ ಚೆಂಡುಗಳನ್ನು ತಂದು ಅವನು ಪ್ರತಿ ಕೊಳವೆಯ ತುದಿಗೂ ಸಿಕ್ಕಿಸಿದ. ಹುಚ್ಚುತನದಂತೆ ಕಂಡರೂ ಅದರ ಹಿಂದೆ ಗಟ್ಟಿ ತರ್ಕವಿತ್ತು. ಮೊನಚು ಜಾಗದಲ್ಲಿ ವಿದ್ಯುತ್ ಕ್ಷೇತ್ರ ದಟ್ಟೈಸುತ್ತದೆ, ದುಂಡನೆಯ ಮೈಯಲ್ಲಿ ಹರಡಿಕೊಳ್ಳುತ್ತದೆ. ಹರಡಿಕೊಂಡರೆ ಗಾಳಿ ತಡೆದೀತು. ಬೆಂಕಿ ತಕ್ಷಣ ತಗ್ಗಿತು. ಆದರೆ ಚೆಂಡು ಅಂಟಿಕೊಂಡ ಕೊಳವೆಯ ವಿದ್ಯುತ್ ಅಳತೆ ಬದಲಾಗಿ ಆಂಟೆನಾದ ಶ್ರುತಿ ಕೆಟ್ಟಿತು. ಬೆಂಕಿಯೂ ಪೂರ್ತಿ ಸಾಯಲಿಲ್ಲ. ತುದಿಯಲ್ಲಿ ಜಾಗ ಸಿಗದಾಗ ಚೆಂಡಿನ ಪಕ್ಕದಲ್ಲೇ ಕೊಳವೆಯ ಮೈಮೇಲೆ ಎದ್ದಿತು.

ಈ ಅರೆಗೆಲುವನ್ನೇ ಇನ್ನಷ್ಟು ತಿದ್ದುತ್ತ ಕೂರುವುದು ಸುಲಭವಿತ್ತು. ದೊಡ್ಡ ಚೆಂಡು ಹಾಕಿ ನೋಡಬಹುದಿತ್ತು, ಕೊಳವೆಯನ್ನು ಕತ್ತರಿಸಿ ಶ್ರುತಿ ಹಿಡಿಯಬಹುದಿತ್ತು. ಬಹುಪಾಲು ಎಂಜಿನಿಯರುಗಳು ಅದನ್ನೇ ಮಾಡುತ್ತಾರೆ. ಮೂರ್ ತುದಿಗೆ ತೇಪೆ ಹಾಕುವುದನ್ನು ಬಿಟ್ಟು ಆಂಟೆನಾವನ್ನು ಮೊದಲಿಂದ ಯೋಚಿಸಲು ಹೊರಟ.

1942ರ ಬೇಸಿಗೆಯಲ್ಲಿ ಅವನಿಗೆ ಒಂದು ಸಣ್ಣ ರಜೆ ಸಿಕ್ಕಿತು. ಹೋದದ್ದು ಪೋಸೋರ್ಹಾ ಎಂಬ ಕಡಲತೀರದ ಊರಿಗೆ. ರಜೆಯ ಗಂಟುಮೂಟೆಯ ಜೊತೆ ನೂರು ಪೌಂಡಿನಷ್ಟು, ಅಂದರೆ ಸುಮಾರು 45 ಕೆ.ಜಿ. ತೂಕದ ಎಂಜಿನಿಯರಿಂಗ್ ಪುಸ್ತಕಗಳೂ ಬೆಟ್ಟ ಇಳಿದವು. ಉಳಿದುಕೊಂಡದ್ದು ಬಿದಿರಿನ ಮನೆಯಲ್ಲಿ. ಅದರ ನೆಲದ ತುಂಬ ಪುಸ್ತಕಗಳನ್ನು ಬಿಚ್ಚಿ ಹರಡಿಕೊಂಡು, ಆಂಟೆನಾ ವಿದ್ಯೆಯ ಅ ಆ ಇ ಈಯಿಂದ ಮತ್ತೆ ಶುರುಮಾಡಿದ. ವಿಚಿತ್ರವೆಂದರೆ ಅವನು ಕೂತಿದ್ದ ಆ ಜಾಗದಲ್ಲಿ, ಸಮುದ್ರಮಟ್ಟದ ದಪ್ಪಗಾಳಿಯಲ್ಲಿ, ಅದೇ ಆಂಟೆನಾ ನಿಂತಿದ್ದರೆ ಸಮಸ್ಯೆಯೇ ಇರುತ್ತಿರಲಿಲ್ಲ.

ಗಂಟೆಗಟ್ಟಲೆ ಲೆಕ್ಕ ನಡೆಯಿತು. ಯಾವ ಕಡೆಯಿಂದ ಬಂದರೂ ಗಂಟು ಒಂದೇ: ಕೊಳವೆಗೆ ತುದಿಯಿದೆ, ತುದಿಯಲ್ಲಿ ಬೆಂಕಿಯಿದೆ. ಹಾಗಾದರೆ ತುದಿಯೇ ಇಲ್ಲದಿದ್ದರೆ?

ದಾರಿ ತೋರಿಸಿದ್ದು ಮಡಚಿದ ಡೈಪೋಲ್ ಎಂಬ ಹಳೆಯ ಆಂಟೆನಾ. ಎರಡು ತಂತಿಗಳನ್ನು ಒತ್ತೊತ್ತಾಗಿ ಚಾಚಿ, ಎರಡೂ ಕೊನೆಯಲ್ಲಿ ಸೇರಿಸಿದರೆ ಅದಾಯಿತು. ಉದ್ದನೆಯ, ಚಪ್ಪಟೆಯಾದ ಕುಣಿಕೆ. ಮಕ್ಕಳು ದಾರದ ಕುಣಿಕೆಯನ್ನು ಎರಡೂ ಕೈಯ ಬೆರಳುಗಳಿಗೆ ಸಿಕ್ಕಿಸಿ ಅಗಲಿಸುವ ಹಾಗೆ, ಮೂರ್ ಆ ಕುಣಿಕೆಯನ್ನು ಮನಸ್ಸಿನಲ್ಲೇ ಮೇಲಕ್ಕೂ ಕೆಳಕ್ಕೂ ಎಳೆದ. ಅದು ಚೌಕವಾಯಿತು. ಪ್ರತಿ ಬದಿಯೂ ಅಲೆಯುದ್ದದ ಕಾಲು ಭಾಗ. ಸುತ್ತಿ ಬಂದರೆ ಒಂದು ಪೂರ್ತಿ ಅಲೆಯುದ್ದ. ತಂತಿಯ ಕುಣಿಕೆ ಆಂಟೆನಾ ಜಗತ್ತಿಗೆ ಹೊಸದೇನಲ್ಲ. ಹಡಗುಗಳು ದಿಕ್ಕು ಹುಡುಕಲು ಸಣ್ಣ ಕುಣಿಕೆಗಳನ್ನು ಬಹುಕಾಲದಿಂದ ಬಳಸುತ್ತಿದ್ದವು. ಪೂರ್ತಿ ಅಲೆಯುದ್ದದ ಚೌಕವನ್ನು ಎತ್ತಿ ನಿಲ್ಲಿಸಿ, ಹಿಂದೆ ಅಂಥದೇ ಇನ್ನೊಂದು ಚೌಕವನ್ನು ಪ್ರತಿಫಲಕವಾಗಿ ಇಟ್ಟು, ಸಾವಿರಾರು ವಾಟ್ ತುಂಬುವ ಯೋಚನೆ ಬೇರೆಯೇ. ಪ್ರಾರ್ಥನೆಗೆ ದೇವರು ಓಗೊಟ್ಟಿರಬೇಕು ಎಂದು ಮೂರ್ ಆಮೇಲೆ ಬರೆದ. 45 ಕೆ.ಜಿ. ಪುಸ್ತಕಗಳೂ ತಮ್ಮ ಪಾಲು ಸಲ್ಲಿಸಿದ್ದವು ಎನ್ನಲು ಅಡ್ಡಿಯಿಲ್ಲ.

ಮೂರ್ ಕೀಟೊಕ್ಕೆ ಮರಳಿದ ಮೇಲೆ ಎಂಜಿನಿಯರುಗಳು ಸುಟ್ಟು ಕರಕಲಾದ ಹಳೆಯದನ್ನು ಇಳಿಸಿ, ತಂತಿಯ ಎರಡು ಚೌಕಗಳನ್ನು ಅವಸರದಲ್ಲಿ ಕಟ್ಟಿ ಏರಿಸಿದರು. ಹಗಲಿನ ಪ್ರಸಾರ ಸುಸೂತ್ರವಾಗಿ ನಡೆಯಿತು. ಆದರೆ ಬೆಂಕಿ ಏಳುತ್ತಿದ್ದದ್ದು ರಾತ್ರಿ. ಆಂಟೆನಾ ಕಾಣುವ ಒಂದು ಸಣ್ಣ ಕೋಣೆಯಲ್ಲಿ ಕಾವಲು ಕೂತರು. ಕತ್ತಲಾಯಿತು. ಥಂಡಿ ಇಳಿಯಿತು. ತಂತಿಗಳ ಮೇಲೂ ಕಂಬಗಳ ಮೇಲೂ ಇಬ್ಬನಿ ಕೂಡುತ್ತ ಬಂತು. ಒದ್ದೆಯಾದಲ್ಲಿ ಕಿಡಿ ಹಾರುವ ಭಯ ಇನ್ನೂ ಹೆಚ್ಚು. ಟ್ರಾನ್ಸ್‌ಮಿಟರ್ ಪೂರ್ತಿ ಶಕ್ತಿಯಲ್ಲಿ ಓಡುತ್ತಿತ್ತು. ಕಿವಿಗೊಟ್ಟು ಕೂತರೂ ಗೋಪುರದ ಕಡೆಯಿಂದ ಹಾಡು ಕೇಳಲಿಲ್ಲ. ಒಂದು ಕಿಡಿಯೂ ಕಾಣಲಿಲ್ಲ. ಮೌನವನ್ನು ಅಷ್ಟು ಸಂಭ್ರಮದಿಂದ ಕೇಳಿಸಿಕೊಂಡ ರೇಡಿಯೋ ಎಂಜಿನಿಯರುಗಳು ಇನ್ನೆಲ್ಲೂ ಇರಲಿಕ್ಕಿಲ್ಲ.

ಕೆಲವು ತಿಂಗಳ ನಂತರ ಮೂರ್ ಅದೇ ಚೌಕದ ಸಣ್ಣ ರೂಪವನ್ನು ತನ್ನ ಹವ್ಯಾಸಿ ಕೇಂದ್ರ ಎಚ್‌ಸಿ1ಜೆಬಿಗೆ ಕಟ್ಟಿಕೊಂಡ. 14 ಮೆಗಾಹರ್ಟ್ಸ್‌ನಲ್ಲಿ ಅದು ಸೊಗಸಾಗಿ ಕೆಲಸ ಮಾಡಿತು. ಯುದ್ಧದ ಆ ವರ್ಷಗಳಲ್ಲಿ ಅಮೆರಿಕದ ಹ್ಯಾಮ್‌ಗಳೆಲ್ಲ ಸರ್ಕಾರದ ಆಜ್ಞೆಯಂತೆ ಬಾಯಿ ಮುಚ್ಚಿಕೊಂಡಿದ್ದರು. ಯುದ್ಧ ಮುಗಿದು ಅವರಿಗೆ ಮತ್ತೆ ಮಾತು ಬಂತು. ಚೌಕ ಆಂಟೆನಾ ಮೂರ್ ಜೊತೆ ಅಮೆರಿಕಕ್ಕೆ ಬಂತು. 1947ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ. 1951ರ ಜನವರಿಯಲ್ಲಿ ಅದು ಸಿಕ್ಕಿತು.  

ಕೀಟೊದಲ್ಲಿ ಜಾಗದ ಕೊರತೆ ಯಾರನ್ನೂ ಕಾಡಿರಲಿಲ್ಲ. ಮೂರ್ ಕೇಳಿದ್ದು ಸುಡದ ಆಂಟೆನಾವನ್ನು. ಚಿಕ್ಕದನ್ನು ಅವನು ಕೇಳಿಯೇ ಇರಲಿಲ್ಲ. ಬೇಡದೆ ಬಂದ ಆ ಗುಣಕ್ಕೇ ಹ್ಯಾಮ್‌ಗಳು ಮನಸೋತರು. ಮನೆಯ ಹಿತ್ತಿಲಷ್ಟೇ ಇದ್ದವರಿಗೆ 14 ಮೆಗಾಹರ್ಟ್ಸ್‌ನ ಯಾಗಿ ಆಂಟೆನಾ ಎಂದರೆ ಹತ್ತೂವರೆ ಮೀಟರ್ ಅಗಲದ ಯಂತ್ರ. ಬೇರೆ ಬೇರೆ ದೇಶಗಳತ್ತ ತಿರುಗಿಸುವಾಗ ಅದು ಪಕ್ಕದ ಮನೆಯ ಮಾಡಿನ ಮೇಲೂ ಕೈ ಚಾಚುತ್ತಿತ್ತು. ಚೌಕದ ಬದಿ ಕೇವಲ 5.4 ಮೀಟರ್. ನಮ್ಮಲ್ಲಿನ ಮೂವತ್ತು-ನಲವತ್ತರ ಸೈಟನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಮೂವತ್ತು ಅಡಿ ಎಂದರೆ 9.1 ಮೀಟರ್. ಯಾಗಿ ಅದರಾಚೆ ಚಾಚುತ್ತದೆ. ಎರಡು ಚೌಕಗಳ ಜೋಡಿ ಸುಮಾರು ಆರು ಮೀಟರ್ ವ್ಯಾಸದೊಳಗೇ ಸುತ್ತಿ ಬರುತ್ತದೆ. 28 ಮೆಗಾಹರ್ಟ್ಸ್‌ಗಾದರೆ ಬದಿ 2.7 ಮೀಟರಿಗಿಳಿದು, ಒಂದು ಕೋಣೆಯ ಗೋಡೆಯಷ್ಟಾಗುತ್ತದೆ.

ಖರ್ಚೂ ಕಡಿಮೆ. ಅಲ್ಯೂಮಿನಿಯಂ ಕೊಳವೆ ಕೊಳ್ಳಲಾಗದವನು ಬಿದಿರಿನ ಗಳಗಳನ್ನು ಗುಣಾಕಾರ ಚಿಹ್ನೆಯಂತೆ ಕಟ್ಟಿ, ನಾಲ್ಕು ತುದಿಗೂ ತಾಮ್ರದ ತಂತಿ ಸುತ್ತಿದರೆ ಮುಗಿಯಿತು. ಅದೇ ಗಳಗಳ ಮೇಲೆ ದೊಡ್ಡ ಚೌಕದೊಳಗೆ ನಡುವಣದು, ನಡುವಣದರೊಳಗೆ ಸಣ್ಣದು ಎಂದು ಮೂರು ಬ್ಯಾಂಡ್‌ಗಳನ್ನು ಕೂರಿಸಿದವರೂ ಇದ್ದರು. ದೂರು ಇಲ್ಲದೆ ಇರಲಿಲ್ಲ. ಯಾಗಿ ಚಪ್ಪಟೆ, ಇದು ಮೇಲಕ್ಕೂ ಬೆಳೆಯುವ ಚೌಕಟ್ಟು. ಬಿರುಗಾಳಿಗೆ ಮುರಿಯುತ್ತಿತ್ತು, ಹಿಮ ಬೀಳುವ ನಾಡುಗಳಲ್ಲಿ ಮಂಜುಗಡ್ಡೆಯ ಭಾರಕ್ಕೆ ಕುಸಿಯುತ್ತಿತ್ತು. ಬೇಸಿಗೆ ಬಂದರೆ ಹ್ಯಾಮ್ ಮತ್ತೆ ಬಿದಿರು ಕಡಿಯುತ್ತಿದ್ದ.

ಕೀಟೊದ ಆ ಬೆಂಕಿಯ ಪಾಡಿನ ಹಿಂದಿನ ಕಾರಣ ಸರಳ. ಕೊಳವೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡುವ ವಿದ್ಯುತ್ತಿಗೆ ತುದಿಯಲ್ಲಿ ಮುಂದೆ ದಾರಿಯಿಲ್ಲ. ಪ್ರವಾಹ ಅಲ್ಲಿ ಸೊನ್ನೆಯಾಗಿ ವೋಲ್ಟೇಜ್ ಶಿಖರ ಮುಟ್ಟುತ್ತದೆ. ತೆಳುಗಾಳಿಯಲ್ಲಿ ಅಣುಗಳ ನಡುವೆ ಅಂತರ ಹೆಚ್ಚಿರುವುದರಿಂದ ಇಲೆಕ್ಟ್ರಾನುಗಳು ಡಿಕ್ಕಿ ಹೊಡೆಯುವ ಮುನ್ನ ಹೆಚ್ಚು ವೇಗ ಗಳಿಸಿ, ಎದುರಾದ ಅಣುಗಳನ್ನು ಒಡೆಯುತ್ತವೆ. ಬೆಂಕಿ ಹುಟ್ಟುವುದು ಹಾಗೆ. ಪ್ರಸಾರದ ದನಿಗೆ ತಕ್ಕಂತೆ ಅದರ ಕಾವು ಏರಿಳಿದು, ಗಾಳಿ ಹಿಗ್ಗಿ ಕುಗ್ಗಿ, ಬೆಂಕಿ ಹಾಡುತ್ತದೆ. ಚೌಕದಲ್ಲೂ ಎಡಬಲದ ಎರಡು ಬದಿಗಳ ನಟ್ಟನಡುವೆ ವೋಲ್ಟೇಜ್ ಏರುವ ಜಾಗಗಳಿವೆ. ಆದರೆ ಅಲ್ಲಿ ತಂತಿ ಮುಂದುವರಿಯುತ್ತದೆ, ಮೊನೆಯಿಲ್ಲ. ವೋಲ್ಟೇಜೂ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ಮೇಲಿನ ತಂತಿ, ಕೆಳಗಿನ ತಂತಿ ಎರಡರಲ್ಲೂ ಪ್ರವಾಹ ಒಂದೇ ತಾಳದಲ್ಲಿ ಓಡಿ, ಒಂದರ ಮೇಲೊಂದು ನಿಂತ ಎರಡು ಡೈಪೋಲ್‌ಗಳ ಕೆಲಸ ಮಾಡುತ್ತದೆ. ಅಡ್ಡಕ್ಕೆ ಬೇಕಿದ್ದ ಅರ್ಧ ಅಳತೆ ಮೇಲಕ್ಕೆ ತಿರುಗಿದ್ದರಿಂದ ಅಗಲ ಅರ್ಧವಾಯಿತು.

ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಈ ಚೌಕವೂ ದೊಡ್ಡದೇ. ಅಲ್ಲಿನ ಹ್ಯಾಮ್‌ಗಳು ಒಂದು ಮೀಟರ್ ವ್ಯಾಸದ ತಾಮ್ರದ ಬಳೆ ನಿಲ್ಲಿಸಿ, ಅದರ ಸೀಳಿಗೆ ಕೆಪಾಸಿಟರ್ ಜೋಡಿಸಿ ಶ್ರುತಿ ಹಿಡಿಯುತ್ತಾರೆ. ಅಳತೆ ಅಲೆಯುದ್ದಕ್ಕಿಂತ ತೀರಾ ಕುಗ್ಗಿದಾಗ, ಮೂರ್ ಓಡಿಸಿದ್ದ ವೋಲ್ಟೇಜ್ ಆ ಸೀಳಿಗೆ ಬಂದು ಕೂರುತ್ತದೆ. ಬರೀ ನೂರು ವಾಟ್ ಕಳಿಸಿದರೂ ಕೆಪಾಸಿಟರಿನ ಮೇಲೆ ಹಲವು ಸಾವಿರ ವೋಲ್ಟ್ ಏಳುತ್ತದೆ. ಹಾಗಾಗಿ ಪ್ರಸಾರ ನಡೆಯುವಾಗ ಬಳೆಯನ್ನು ಮುಟ್ಟುವಂತಿಲ್ಲ, ಮಕ್ಕಳನ್ನು ಅದರ ಹತ್ತಿರ ಬಿಡುವಂತೆಯೂ ಇಲ್ಲ.