ಪರಿಚಯವಿಲ್ಲದವರ ಪರಿಚಯ

ಪರಸ್ಥಳಕ್ಕೆ ಬಂದು ನೆಲೆಸಿದವರಿಗೆ ಪರಿಚಯವೇ ಮೊದಲ ಬಂಡವಾಳ. ಹಿಂದೆ ನಮ್ಮವರು ಉದ್ಯೋಗಕ್ಕೆಂದು ಊರು ಬಿಡುವಾಗ, ಬಲ್ಲವರೊಬ್ಬರು ಬರೆದುಕೊಟ್ಟ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹೊರಡುತ್ತಿದ್ದರು. ಇಂದು ಆ ಕಾಗದದ ಕೆಲಸವನ್ನು ಉದ್ಯೋಗಿಗಳ ಜಾಲತಾಣಗಳು ಮಾಡುತ್ತಿವೆ. ಇವುಗಳಲ್ಲಿ ಹೆಸರಾದ ಲಿಂಕ್ಡ್‌ಇನ್ ೨೦೦೩ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆರಂಭವಾಯಿತು.

ಮಕ್ಕಳು ಮುಖ ನೋಡದವರಿಗೆ ಪತ್ರ ಬರೆಯುವುದನ್ನು ಕಂಡು ಹಿರಿಯರಿಗೆ ಕಸಿವಿಸಿಯಾಗುವುದು ಸಹಜ. ಗುರುತಿಲ್ಲದವರು ನಮಗೇಕೆ ಉಪಕಾರ ಮಾಡಿಯಾರು ಎಂಬುದು ಅವರ ಪ್ರಶ್ನೆ. ಆದರೆ ಅನುಭವ ಬೇರೆಯೇ ಹೇಳುತ್ತದೆ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು, ಪರಿಚಿತರ ಮೂಲಕ ಉದ್ಯೋಗ ಪಡೆದವರನ್ನು ವಿಚಾರಿಸಿ ೧೯೭೩ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪದೇ ಪದೇ ಭೇಟಿಯಾಗುವ ಆಪ್ತರಿಂದ ಸುದ್ದಿ ತಿಳಿದವರು ನೂರಕ್ಕೆ ಸುಮಾರು ೧೭ ಮಂದಿ ಮಾತ್ರ. ಉಳಿದವರಿಗೆಲ್ಲ ನೆರವಾದವರು ಅಪರೂಪಕ್ಕೋ ಆಗಾಗಲೋ ಕಾಣುವ ಜನ. ಕಾರಣ ಸರಳವಾದುದು. ನಮ್ಮ ಆಪ್ತರಿಗೆ ತಿಳಿದುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ ಬರಬೇಕಾದರೆ ಹೊರಗಿನಿಂದಲೇ ಬರಬೇಕು.

ಮನ್ಮಾಡಿನಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಜಂಕ್ಷನ್ನಿನ ಊರು. ಮುಂಬಯಿ, ಭುಸಾವಳ, ದೌಂಡ್, ಸಂಭಾಜಿನಗರಗಳ ಕಡೆಯ ಹಳಿಗಳು ಇಲ್ಲಿ ಕೂಡುತ್ತವೆ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಈ ದಾರಿಯಾಗಿಯೇ ಹೋಗುತ್ತದೆ. ರೈಲ್ವೆಯ ಸುದ್ದಿ ನಮ್ಮ ಮನೆಯ ಜಗಲಿಗೇ ಬರುವುದುಂಟು. ಆದರೆ ಓಝರಿನ ವಿಮಾನ ಕಾರ್ಖಾನೆಗೆ, ನಾಸಿಕದ ಅಂಬಡ, ಸಾತ್ಪುರಗಳಿಗೆ, ಸಂಭಾಜಿನಗರದ ವಾಳೂಜಿಗೆ ಎಂಥ ಕೆಲಸಗಾರರು ಬೇಕಾಗಿದ್ದಾರೆಂಬುದು ಅಲ್ಲಿ ದುಡಿಯುವವರಿಗೇ ಗೊತ್ತು.

ಹಾಗೆಂದು ಸಿಕ್ಕಸಿಕ್ಕವರಿಗೆಲ್ಲ ಬರೆಯುವುದೂ ತರವಲ್ಲ. ಲಿಂಕ್ಡ್‌ಇನ್ನಿನ ಸುಮಾರು ಎರಡು ಕೋಟಿ ಸದಸ್ಯರನ್ನು ಕುರಿತ ಅಧ್ಯಯನವೊಂದು ೨೦೨೨ರಲ್ಲಿ ಪ್ರಕಟವಾಯಿತು. ಕೆಲಸ ಬದಲಿಸಲು ಹೆಚ್ಚು ನೆರವಾದವರು ತೀರ ಆಪ್ತರೂ ಅಲ್ಲ, ತೀರ ದೂರದವರೂ ಅಲ್ಲ; ನಡುವಿನವರು. ಆದುದರಿಂದ ಓದಿದ ಶಾಲೆ, ಕಲಿತ ಕಸುಬು, ಆಡುವ ಭಾಷೆ, ಹೀಗೆ ಯಾವುದಾದರೊಂದು ಎಳೆಯನ್ನು ಹಿಡಿದು ಹೊರಡುವುದು ಲೇಸು.

ಮೊದಲ ಪತ್ರದಲ್ಲಿಯೇ ಕೆಲಸ ಕೊಡಿಸಿರೆಂದು ಕೇಳಬಾರದು. ಅದು ಮನೆಯೊಳಕ್ಕೆ ಕಾಲಿಡುವ ಮೊದಲೇ ಊಟಕ್ಕೆ ಎಲೆ ಹಾಕಿರೆಂದಂತೆ. "ನಮಸ್ಕಾರ. ನಾನು ಮನ್ಮಾಡಿನವನು, ಯಂತ್ರಶಾಸ್ತ್ರದಲ್ಲಿ ಡಿಪ್ಲೊಮಾ ಮುಗಿಸಿದ್ದೇನೆ. ತಾವು ಇದೇ ಕಸುಬಿನಲ್ಲಿರುವುದನ್ನು ನೋಡಿ ಬರೆಯುತ್ತಿದ್ದೇನೆ. ಹೊಸಬರು ಮೊದಲು ಏನನ್ನು ಕಲಿತರೆ ಒಳ್ಳೆಯದೆಂದು ತಿಳಿಸುವಿರಾ?" ಇಷ್ಟು ಸಾಕು. ಉತ್ತರ ಬಂದರೆ ವಂದನೆ ಹೇಳಬೇಕು, ಬಾರದಿದ್ದರೆ ಬೇಸರಪಡಬಾರದು.

ಇನ್ನು ಎಚ್ಚರಿಕೆಯ ಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲ. ೨೦೨೨ರಲ್ಲಿ ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿಸಿ, ನಮ್ಮ ದೇಶದ ತರುಣರನ್ನು ಮ್ಯಾನ್ಮಾರಿಗೆ ಸಾಗಿಸಿ, ಮೋಸದ ದಂಧೆಯಲ್ಲಿ ದುಡಿಸಿದ ಸಂಗತಿ ಬಯಲಾಗಿ, ಭಾರತ ಸರಕಾರವೇ ಎಚ್ಚರಿಕೆ ಕೊಡಬೇಕಾಯಿತು. ಕೆಲಸಕ್ಕೆ ಮುಂಗಡ ಹಣ ಕೇಳಿದವರನ್ನು ಅಲ್ಲಿಗೇ ಬಿಡಬೇಕು. ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ, ಫೋನಿಗೆ ಬರುವ ಓಟಿಪಿ ಇವನ್ನು ಹೊಸ ಪರಿಚಯದವರಿಗೆ ಕೊಡಲೇಬಾರದು. ಕಂಪನಿಯ ವಿಚಾರವನ್ನು ಅದರ ಸ್ವಂತ ಕಚೇರಿಯಲ್ಲಿಯೇ ಕೇಳಿ ತಿಳಿಯಬೇಕು. ಹಣ ಹೋದರೆ ನಾಚಿ ಮುಚ್ಚಿಡದೆ ೧೯೩೦ ಸಂಖ್ಯೆಗೆ ಕೂಡಲೇ ಫೋನು ಮಾಡಬೇಕು.

ಕೊನೆಯದಾಗಿ, ಒಳ್ಳೆಯ ಹುದ್ದೆಗಳಲ್ಲಿರುವ ನಮ್ಮ ಬಂಧುಗಳಲ್ಲಿ ಒಂದು ವಿನಂತಿ. ಯಾರೋ ಒಬ್ಬರು ನಮಗೆ ದಾರಿ ತೋರಿದುದರಿಂದಲೇ ನಾವು ಇಲ್ಲಿ ನೆಲೆಯೂರಿದೆವು. ಪರಿಚಯವಿಲ್ಲದ ಹುಡುಗನೋ ಹುಡುಗಿಯೋ ವಿನಯದಿಂದ ಎರಡು ಸಾಲು ಬರೆದಾಗ, ನಾವೂ ಎರಡು ಸಾಲು ಬರೆಯೋಣ. ಕೆಲಸ ಕೊಡಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು. ದಾರಿ ಹೇಳುವುದಂತೂ ಇದೆ.