ಸಿಗ್ನಲ್‌ನಲ್ಲಿ ಕುದಿದ ಜೀಪು

ಮಕ್ಕಳೇ, ಅಜ್ಜ ಬಿಸಿ ಕಾಫಿಯನ್ನು ಸಾಸರಿಗೆ ಬಗ್ಗಿಸಿ, ಉಫ್ ಎಂದು ಊದಿ ಕುಡಿಯುವುದನ್ನು ನೋಡಿದ್ದೀರಾ? ಕಾಫಿ ತೆಳ್ಳಗೆ ಹರಡಿತು, ಗಾಳಿ ತಾಗಿತು, ಆರಿತು. ವಾಹನದ ಮುಂಭಾಗದಲ್ಲಿರುವ ರೇಡಿಯೇಟರ್ ಮಾಡುವುದೂ ಇದನ್ನೇ. ಎಂಜಿನ್ನಿನ ಬಿಸಿನೀರು ಅದರ ಸಣ್ಣ ಕೊಳವೆಗಳಲ್ಲಿ ಹರಡುತ್ತದೆ. ಕೊಳವೆಗಳ ನಡುವಿನ ತೆಳು ತಗಡುಗಳ ಸಂದಿಯಲ್ಲಿ ಗಾಳಿ ನುಗ್ಗಿ ಬಿಸಿಯನ್ನು ಹೊತ್ತೊಯ್ಯುತ್ತದೆ.

ಬ್ಯಾಂಕ್ ಗುಮಾಸ್ತನಾಗಿದ್ದ ನನಗೆ ಈ ಪಾಠ ಕಲಿಸಿದ್ದು ಬಸವೇಶ್ವರನಗರದಲ್ಲಿರುವ ಅಕ್ಕನ ಮಗನ ಹಳೇ ಜೀಪು. ಆರ್‌ಟಿಓ ಅನುಮತಿ ಪಡೆದು ಅದಕ್ಕೆ ದೊಡ್ಡ ಎಂಜಿನ್ ಕೂರಿಸಿದ್ದ. ಓಡುವಾಗ ಏನೂ ತೊಂದರೆಯಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಶಾಖ ತೋರಿಸುವ ಮುಳ್ಳು ಏರುತ್ತಿತ್ತು. ಒಂದು ಸಂಜೆ ಕೆಂಗೇರಿ ಹತ್ತಿರ ಬಾನೆಟ್ಟಿನಿಂದ ಹಬೆ ಎದ್ದಿತು. ಅವನು ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ.

“ಮುಟ್ಟಬೇಡ ಕಣೋ!” ಎಂದು ಕೂಗಿ, ನನ್ನ ಬಲಗೈ ಮೇಲಿನ ಸುಟ್ಟ ಕಲೆ ತೋರಿಸಿದೆ. ವಯಸ್ಸಿನಲ್ಲಿ ನಾನೂ ಹೀಗೇ ಅವಸರ ಮಾಡಿದ್ದೆ.

ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದರೆ ರೇಡಿಯೇಟರ್ ಮುಚ್ಚಳ ಕುಕ್ಕರಿನ ಹಾಗೆ ಒತ್ತಡವನ್ನು ಹಿಡಿದಿಡುವುದರಿಂದ, ಒಳಗಿನ ನೀರು 100 ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಅಷ್ಟೂ ನೀರು ಉಕ್ಕಿ ಮುಖಕ್ಕೇ ಹಾರುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದು, ಆಮೇಲೆ ನೀರು ಹಾಕಿದೆವು.

ಇಂಧನದ ಶಾಖಕ್ಕೂ ಜಮಾ-ಖರ್ಚು ಉಂಟು. ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಗಾಡಿ ಓಡಿಸಲು, ಒಂದು ಪಾಲು ಸೈಲೆನ್ಸರಿನ ಹೊಗೆಗೆ, ಇನ್ನೊಂದು ರೇಡಿಯೇಟರಿಗೆ. ಎಂಜಿನ್ ದೊಡ್ಡದಾದರೆ ಆ ಪಾಲೂ ದೊಡ್ಡದು. ಹುಡುಗ ದೊಡ್ಡ ರೇಡಿಯೇಟರ್ ಹಾಕಿಸಿದ. ದುಡ್ಡು ಖರ್ಚಾಯಿತು, ಜ್ವರ ಇಳಿಯಲಿಲ್ಲ.

ಕೊನೆಗೆ ಕಾಮಾಕ್ಷಿಪಾಳ್ಯದ ಹಿರಿಯ ಮೆಕ್ಯಾನಿಕ್ ಒಬ್ಬರು ಎಂಜಿನ್ ಚಾಲೂ ಮಾಡಿಸಿ, ರೇಡಿಯೇಟರಿನ ಮುಂದೆ ಒಂದು ಹಾಳೆ ನ್ಯೂಸ್‌ಪೇಪರ್ ಹಿಡಿದರು. ನಡುವೆ ಅಂಟಿಕೊಂಡಿತು, ಮೂಲೆಗಳಲ್ಲಿ ಜೋತುಬಿತ್ತು. “ನೋಡಿ ಸಾರ್, ಫ್ಯಾನ್ ನಡುವಿನಿಂದ ಮಾತ್ರ ಗಾಳಿ ಎಳೀತಿದೆ. ಮಿಕ್ಕಿದ್ದು ಪಕ್ಕದ ಸಂದಿಯಿಂದ ಬರ್ತಿದೆ” ಎಂದರು. ಓಡುವ ಗಾಡಿಗೆ ಎದುರುಗಾಳಿಯೇ ಸಾಕು. ನಿಂತ ಗಾಡಿಗೆ ಫ್ಯಾನೇ ಗತಿ.

ಅವರು ಫ್ಯಾನಿನ ಸುತ್ತ, ರೇಡಿಯೇಟರಿನ ಅಂಚಿನವರೆಗೆ ತಗಡಿನ ಕವಚ ಕಟ್ಟಿದರು. ಪಕ್ಕದ ಸಂದಿಗಳಿಗೆ ರಬ್ಬರ್ ಪಟ್ಟಿ ಕೊಟ್ಟರು. ಶೋಕಿಗೆ ಮುಂದೆ ಹಾಕಿಸಿದ್ದ ದೊಡ್ಡ ದೀಪಗಳನ್ನು ಗಾಳಿಗೆ ಅಡ್ಡವೆಂದು ಬಿಚ್ಚಿದರು. ಈ ಸಲ ಹಾಳೆ ಮೂಲೆಯವರೆಗೂ ಅಂಟಿಕೊಂಡಿತು!

ಇದು ನಮ್ಮೂರಿನ ಪಾಡು ಮಾತ್ರವಲ್ಲ. ಅಮೆರಿಕದ ಹುಡುಗರು ಹಳೇ ಕಾರುಗಳನ್ನು ಮಾರ್ಪಡಿಸಿ, ವೇಗ ಹೆಚ್ಚಿಸಿ, ‘ಹಾಟ್ ರಾಡ್’ ಎಂದು ಓಡಿಸುತ್ತಿದ್ದರು. 1932ರಲ್ಲಿ ಬಂದ ಫೋರ್ಡ್ ವಿ-8 ಎಂಜಿನ್ ಅವರಿಗೆ ಅಚ್ಚುಮೆಚ್ಚು. ಅದರ ಬಿಸಿ ಹೊಗೆಯ ದಾರಿ ತಂಪು ನೀರಿನ ನಡುವೆಯೇ ಹಾದುಹೋಗುತ್ತಿತ್ತು. ಹೀಗಾಗಿ ಬೇಗ ಕಾಯುತ್ತಿತ್ತು.

ಈಗ ಮಾಗಡಿ ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲೂ ಜೀಪಿನ ಮುಳ್ಳು ನಡುವೆಯೇ ನಿಲ್ಲುತ್ತದೆ. ಮಕ್ಕಳೇ, ಅಜ್ಜನ ಜೊತೆ ಕೂತು ಅರ್ಧ ಲೋಟ ಬೆಚ್ಚನೆ ನೀರನ್ನು ಲೋಟದಲ್ಲೇ ಬಿಡಿ, ಇನ್ನರ್ಧ ಲೋಟವನ್ನು ತಟ್ಟೆಗೆ ಸುರಿದು ಫ್ಯಾನಿನ ಕೆಳಗಿಡಿ. ಯಾವುದು ಬೇಗ ಆರುತ್ತದೆ ನೋಡಿ. ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ಮಾತ್ರ ದೊಡ್ಡವರೂ ಕೈ ಹಾಕಬಾರದು. ಹಾಕಲು ಹೋದರೆ ನೀವೇ ತಡೆಯಿರಿ.